ಆಕಾಶವಾಣಿಗೆ ಹೆಸರು ಕೊಟ್ಟ ಮೇಷ್ಟ್ರು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಸದಸ್ಯರು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣಕ್ಕಾಗಿ ಜೀವನ ಸವೆಸಿದ ಹಿರಿಯರನ್ನು ನೆನೆಯುವುದು ನಮ್ಮಂಥ ಸಂಘಗಳ ಒಳ್ಳೆಯ ಸಂಪ್ರದಾಯ. ಸರ್ ಸೈಯದ್ ಅಹಮದ್ ಖಾನ್, ಮೌಲಾನಾ ಅಬುಲ್ ಕಲಾಂ ಆಜಾದ್ ಇವರ ಹೆಸರುಗಳು ನಿಮಗೆಲ್ಲ ಗೊತ್ತಿವೆ. 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಸಂಸ್ಥೆಯನ್ನು ಕಟ್ಟಿ 2021ರಲ್ಲಿ ನಮ್ಮನ್ನಗಲಿದ ಡಾ. ಮುಮ್ತಾಜ್ ಅಹಮದ್ ಖಾನರ ಸೇವೆಯೂ ಗೊತ್ತಿದೆ. ಇಂದು ನಾನು ಈ ವೇದಿಕೆಯಲ್ಲಿ ಅಷ್ಟಾಗಿ ಕೇಳಿಬರದ ಒಂದು ಹೆಸರನ್ನು ಎತ್ತಿಕೊಂಡಿದ್ದೇನೆ. ಅವರು ನಮ್ಮ ಸಮುದಾಯದವರಲ್ಲ, ನಮ್ಮ ಜಿಲ್ಲೆಯವರಲ್ಲ, ಹುಟ್ಟಿನಿಂದ ಕನ್ನಡ ನಾಡಿನವರೂ ಅಲ್ಲ. ಆದರೂ ಅವರ ಬಾಳು ನಮ್ಮ ಮಕ್ಕಳಿಗೆ ನೇರವಾಗಿ ಸಂಬಂಧಿಸಿದ್ದು. ಅವರೇ ಪ್ರೊಫೆಸರ್ ನಾ. ಕಸ್ತೂರಿ.

ಅವರು ಹುಟ್ಟಿದ್ದು 1897ರ ಡಿಸೆಂಬರ್ 25ರಂದು, ಇಂದಿನ ಕೇರಳದ ತೃಪ್ಪೂಣಿತ್ತುರದಲ್ಲಿ. ಆಗ ಅದು ಕೊಚ್ಚಿ ಸಂಸ್ಥಾನಕ್ಕೆ ಸೇರಿತ್ತು. ಮಲಯಾಳದ ನೆಲದಲ್ಲಿ ಬೆಳೆದು, ಅಲ್ಲಿಯೇ ಓದಿ, ಉದ್ಯೋಗಕ್ಕಾಗಿ ಮೈಸೂರಿಗೆ ಬಂದರು. ಮೊದಲು ಪ್ರೌಢಶಾಲೆಯಲ್ಲಿ ಪಾಠ ಹೇಳಿದರು. ಅನಂತರ ಮಹಾರಾಜಾ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕರಾದರು. ಕೊನೆಗೆ ದಾವಣಗೆರೆಯ ಕಾಲೇಜಿನ ಪ್ರಾಂಶುಪಾಲರಾಗಿ 1954ರಲ್ಲಿ ನಿವೃತ್ತರಾದರು. ಬಹುತೇಕ ಶಿಕ್ಷಕರ ಜೀವನಚರಿತ್ರೆ ಇಷ್ಟಕ್ಕೇ ಮುಗಿದುಹೋಗುತ್ತದೆ. ಕಸ್ತೂರಿಯವರದು ಮುಗಿಯಲಿಲ್ಲ. ಏಕೆಂದರೆ ಅವರಿಗೆ ತರಗತಿ ಎಂದರೆ ನಾಲ್ಕು ಗೋಡೆಗಳ ಒಂದು ಕೋಣೆ ಮಾತ್ರ ಆಗಿರಲಿಲ್ಲ.

ಇದನ್ನು ತಿಳಿಯಬೇಕಾದರೆ 1935ರ ಮೈಸೂರಿಗೆ ಹೋಗಬೇಕು. ಮಹಾರಾಜಾ ಕಾಲೇಜಿನಲ್ಲಿ ಆಗ ಡಾ. ಎಂ.ವಿ. ಗೋಪಾಲಸ್ವಾಮಿ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರಿದ್ದರು. ಲಂಡನ್ನಿನಲ್ಲಿ ಓದಿ ಬಂದವರು. ಈ ಮಹನೀಯರು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವ್ಯಾಟ್ ಶಕ್ತಿಯ ಒಂದು ಪುಟ್ಟ ಪ್ರೇಷಕ ಯಂತ್ರವನ್ನು ಇಟ್ಟುಕೊಂಡು 1935ರ ಸೆಪ್ಟೆಂಬರ್ 10ರಂದು ರೇಡಿಯೋ ಪ್ರಸಾರವನ್ನೇ ಪ್ರಾರಂಭಿಸಿದರು. ಮಕ್ಕಳೇ, 30 ವ್ಯಾಟ್ ಎಂದರೆ ಎಷ್ಟು ಎಂದು ಯೋಚಿಸಿ. ನಮ್ಮ ಮನೆಗಳಲ್ಲಿ ಹಿಂದೆ ಉರಿಯುತ್ತಿದ್ದ ಹಳದಿ ಬಲ್ಬು 40 ಅಥವಾ 60 ವ್ಯಾಟಿನದು. ಆ ಬಲ್ಬಿಗಿಂತ ಕಡಿಮೆ ಶಕ್ತಿಯಲ್ಲಿ ಒಬ್ಬ ಮೇಷ್ಟ್ರು ಊರಿಗೆಲ್ಲ ಸಂಗೀತ, ಸಾಹಿತ್ಯ, ತಿಳಿವಳಿಕೆಯನ್ನು ಹಂಚಲು ಹೊರಟರು. ಬಳಿಕ 250 ವ್ಯಾಟಿನ ಯಂತ್ರ ಬಂತು. ಕೆಲವು ವರ್ಷ ಇದು ಮುಖ್ಯವಾಗಿ ಅವರ ಸ್ವಂತ ಖರ್ಚಿನಲ್ಲೇ ನಡೆಯಿತು. 1942ರಲ್ಲಿ ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಸ್ವಾತಂತ್ರ್ಯ ಬಂದು ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ 1950ರಲ್ಲಿ ಕೇಂದ್ರ ಸರ್ಕಾರದ ಆಡಳಿತಕ್ಕೆ ಬಂತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. 1974ರಲ್ಲಿ ಮೈಸೂರಿನಲ್ಲಿ ಮತ್ತೆ ಒಂದು ನಿಲಯ ಬಂದಿತು.

ಹೊಸದಾಗಿ ಹುಟ್ಟಿದ ಈ ಮಗುವಿಗೆ ಏನೆಂದು ಹೆಸರಿಡುವುದು? ಗೋಪಾಲಸ್ವಾಮಿಯವರ ಸಹೋದ್ಯೋಗಿಯಾಗಿದ್ದ ನಾ. ಕಸ್ತೂರಿಯವರು 'ಆಕಾಶವಾಣಿ' ಎಂಬ ಹೆಸರನ್ನು ಸೂಚಿಸಿದರು ಎಂದು ಮೈಸೂರಿನ ಹಿರಿಯರು ಅಂದಿನಿಂದಲೂ ಹೇಳುತ್ತಾ ಬಂದಿದ್ದಾರೆ. ಗಮನಿಸಿ, ದೆಹಲಿಯ ಸರ್ಕಾರಿ ಪ್ರಸಾರಕ್ಕೆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂದದ್ದು 1936ರ ಜೂನ್ 8ರಂದು. ಅಂದರೆ ಮೈಸೂರಿನ ಆ ಮನೆಯ ನಿಲಯ ಅದಕ್ಕೂ ಮೊದಲೇ ಆರಂಭವಾಗಿತ್ತು. 1938ರಲ್ಲಿ ಕಲ್ಕತ್ತೆಯ ನಿಲಯಕ್ಕಾಗಿ ಬರೆದ ಕವಿತೆಯಲ್ಲಿ ರವೀಂದ್ರನಾಥ ಠಾಕೂರರೂ ಇದೇ ಪದವನ್ನು ಬಳಸಿದರು. 1950ರ ದಶಕದ ಉತ್ತರಾರ್ಧದಲ್ಲಿ ಭಾರತ ಸರ್ಕಾರ ಅದನ್ನು ದೇಶದ ರೇಡಿಯೋದ ಅಧಿಕೃತ ಹೆಸರಾಗಿ ತೆಗೆದುಕೊಂಡಿತು. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿಯು ಇನ್ನು ಮುಂದೆ ಇಂಗ್ಲಿಷಿನಲ್ಲಿಯೂ 'ಆಕಾಶವಾಣಿ' ಎಂದೇ ಹೇಳಬೇಕೆಂದು ಆದೇಶಿಸಿತು. ಒಂದು ಮನೆಯ 30 ವ್ಯಾಟಿನ ಯಂತ್ರಕ್ಕೆ ಇಟ್ಟ ಹೆಸರು ಇಡೀ ದೇಶದ ಹೆಸರಾಯಿತು.

ಇಲ್ಲಿ ಉರ್ದು ವಿದ್ಯಾರ್ಥಿಗಳಿಗೆ ಒಂದು ಮಾತು. ಕಣ್ಣಿಗೆ ಕಾಣದವರು ಎಲ್ಲಿಂದಲೋ ಕೂಗಿ ಹೇಳಿದ ಮಾತಿಗೆ ನಮ್ಮ ಉರ್ದು, ಫಾರಸಿ ಕಾವ್ಯದಲ್ಲಿ ಒಂದು ಹೆಸರಿದೆ: 'ಹಾತಿಫ್'. ಕವಿಗೆ ದಾರಿ ತೋರುವ ಅದೃಶ್ಯ ಧ್ವನಿ ಅದು. ಅರಬರ ನಾಡಿನಲ್ಲಿ ಟೆಲಿಫೋನ್ ಬಂದಾಗ ಅವರು ಹೊಸ ಪದವನ್ನು ಹುಡುಕಲಿಲ್ಲ, ಈ ಹಳೆಯ 'ಹಾತಿಫ್' ಪದವನ್ನೇ ಅದಕ್ಕೆ ಕೊಟ್ಟರು. ಇಂದಿಗೂ ಅರಬಿಯಲ್ಲಿ ಟೆಲಿಫೋನಿಗೆ ಹಾತಿಫ್ ಎನ್ನುತ್ತಾರೆ. ಪುರಾಣದ ಕಥೆಗಳಲ್ಲಿ ಆಕಾಶದಿಂದ ಕೇಳಿಬರುತ್ತಿದ್ದ ವಾಣಿಯನ್ನು ರೇಡಿಯೋಗೆ ಕೊಟ್ಟವರ ಬುದ್ಧಿಯೂ ಅದೇ ರೀತಿ ಕೆಲಸ ಮಾಡಿದೆ. ಭಾಷೆಗಳು ಬೇರೆ, ಲಿಪಿಗಳು ಬೇರೆ, ಮನುಷ್ಯ ಯೋಚಿಸುವ ದಾರಿ ಮಾತ್ರ ಒಂದೇ.

ಹೊಸ ಯಂತ್ರಕ್ಕೆ ಹಳೆಯ, ಜನರಿಗೆ ಗೊತ್ತಿರುವ ಪದವನ್ನು ಕೊಟ್ಟರೆ ಯಂತ್ರ ಹತ್ತಿರವಾಗುತ್ತದೆ. 'ಟ್ರಾನ್ಸ್‌ಮಿಷನ್', 'ಬ್ರಾಡ್‌ಕಾಸ್ಟಿಂಗ್' ಎಂದರೆ ಹಳ್ಳಿಯ ಅಜ್ಜಿ ದೂರ ಸರಿಯುತ್ತಾಳೆ. 'ಆಕಾಶವಾಣಿ' ಎಂದರೆ 'ಓ, ಅದಾ' ಎನ್ನುತ್ತಾಳೆ. ಪಾಠ ಮಾಡುವುದೆಂದರೆ ಇದೇ. ಗೊತ್ತಿರುವುದರಿಂದ ಗೊತ್ತಿಲ್ಲದ ಕಡೆಗೆ ಕರೆದುಕೊಂಡು ಹೋಗಬೇಕು ಎಂದು ಬಿ.ಎಡ್. ತರಗತಿಯಲ್ಲಿ ನಮಗೆ ಹೇಳಿಕೊಡುತ್ತಾರೆ. ಕಸ್ತೂರಿಯವರು ಅದನ್ನು ಒಂದೇ ಪದದಲ್ಲಿ ಮಾಡಿ ತೋರಿಸಿದರು.

ಸ್ನೇಹಿತರೇ, ಕನ್ನಡಕ್ಕೆ ಇಂಥ ಹೆಸರನ್ನು ಕೊಟ್ಟವರು ಹೊರಗಿನಿಂದ ಬಂದು ಕನ್ನಡವನ್ನು ಕಲಿತವರು ಎಂಬುದು ಸಣ್ಣ ಸಂಗತಿಯಲ್ಲ. ಹುಟ್ಟಿನಿಂದ ಆಡಿದ ಭಾಷೆಯ ಪದಗಳನ್ನು ನಾವು ನೋಡುವುದೇ ಇಲ್ಲ, ಬಾಯಿಂದ ತಾನಾಗಿ ಹೊರಡುತ್ತವೆ. ಕಲಿತು ಆಡುವವನು ಪ್ರತಿಯೊಂದು ಪದವನ್ನೂ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಒಳಗೆ ಏನಿದೆ ಎಂದು ಪರೀಕ್ಷಿಸಿ ಬಳಸುತ್ತಾನೆ. ಕಸ್ತೂರಿಯವರ ಹಾಸ್ಯ ಬರಹಗಳ ಶಕ್ತಿಯೂ ಅಲ್ಲಿಯೇ ಇದೆ ಎಂದು ನನ್ನ ಭಾವನೆ. ಡಾ. ಎಂ. ಶಿವರಾಂ ಅವರು, ಅಂದರೆ 'ರಾಶಿ'ಯವರು, 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯ ಪತ್ರಿಕೆಗೆ ಕಸ್ತೂರಿಯವರು ಬರೆಯುತ್ತಿದ್ದರು. ಮುಂದೆ ಜಗತ್ಪ್ರಸಿದ್ಧರಾದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರೂ ವಿದ್ಯಾರ್ಥಿಯಾಗಿದ್ದಾಗ ಅದೇ ಪತ್ರಿಕೆಗೆ ಚಿತ್ರ ಬರೆದವರು. ಕಸ್ತೂರಿಯವರ 'ಅನರ್ಥಕೋಶ' ಬಹಳ ಹೆಸರಾದ ಪುಸ್ತಕ. ಅರ್ಥಕೋಶದಲ್ಲಿ ಪದಗಳಿಗೆ ಅರ್ಥ ಇರುತ್ತದೆ. ಇವರು ಪದಗಳನ್ನು ಒಡೆದು, ಜೋಡಿಸಿ, ನಗಿಸುವ ಅನರ್ಥಗಳನ್ನು ಬರೆದರು. ಕನ್ನಡದ ಒಳಹೊರಗನ್ನೆಲ್ಲ ಬಲ್ಲವನಿಗೆ ಮಾತ್ರ ಸಾಧ್ಯವಾಗುವ ಆಟ ಅದು. ಅದನ್ನು ಆಡಿದವರು ದೊಡ್ಡವರಾದ ಮೇಲೆ ಕನ್ನಡ ಕಲಿತ ಒಬ್ಬ ಮೇಷ್ಟ್ರು!

ಉರ್ದು ಓದಿದವರಿಗೆ ಇಲ್ಲಿ ಇನ್ನೊಬ್ಬ ಮೇಷ್ಟ್ರು ನೆನಪಾಗುತ್ತಾರೆ. ನಮ್ಮ ಪತ್ರಸ್ ಬುಖಾರಿ. ನಿಜವಾದ ಹೆಸರು ಸೈಯದ್ ಅಹಮದ್ ಷಾ ಬುಖಾರಿ. 1898ರಲ್ಲಿ ಪೇಷಾವರದಲ್ಲಿ ಹುಟ್ಟಿದವರು, ಕೇಂಬ್ರಿಜ್‌ನಲ್ಲಿ ಓದಿದವರು, ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಅವರ 'ಪತ್ರಸ್ ಕೇ ಮಜಾಮೀನ್' ಉರ್ದು ಹಾಸ್ಯದ ಅಮೂಲ್ಯ ಕೃತಿ. ಈ ಪ್ರಾಧ್ಯಾಪಕರೇ ಆಲ್ ಇಂಡಿಯಾ ರೇಡಿಯೋ ಸೇರಿ 1940ರ ದಶಕದಲ್ಲಿ ಅದರ ಅತ್ಯುನ್ನತ ಅಧಿಕಾರಿಯಾದರು. ದೇಶ ವಿಭಜನೆಯ ಕಾಲದಲ್ಲಿ ಮತ್ತೆ ಲಾಹೋರಿನ ಕಾಲೇಜಿಗೆ ಪ್ರಾಂಶುಪಾಲರಾಗಿ ಮರಳಿದರು. ಮುಂದೆ ವಿಶ್ವಸಂಸ್ಥೆಯಲ್ಲಿ ಸೇವೆ ಸಲ್ಲಿಸಿ 1958ರಲ್ಲಿ ನ್ಯೂಯಾರ್ಕಿನಲ್ಲಿ ನಿಧನರಾದರು. ಮೈಸೂರಿನಲ್ಲಿ ಕಸ್ತೂರಿ, ಉತ್ತರದಲ್ಲಿ ಬುಖಾರಿ. ಇಬ್ಬರೂ ಮೇಷ್ಟ್ರು, ಇಬ್ಬರೂ ನಗಿಸುವ ಲೇಖಕರು, ಇಬ್ಬರ ಬಾಳಿನಲ್ಲೂ ರೇಡಿಯೋ. ಇದು ಆಕಸ್ಮಿಕ ಇರಲಾರದು. ಹಿಂದಿನ ಬೆಂಚಿನ ಹುಡುಗನಿಗೂ ಅರ್ಥವಾಗುವ ಹಾಗೆ, ಬೇಸರ ಬಾರದ ಹಾಗೆ ಮಾತಾಡಲು ಬಲ್ಲವರಿಗೆ, ಕಣ್ಣಿಗೆ ಕಾಣದ ಕೇಳುಗನೊಂದಿಗೆ ಮಾತಾಡುವುದೂ ಬರುತ್ತದೆ.

ಕಸ್ತೂರಿಯವರ ಸೇವೆಯ ಇನ್ನೊಂದು ಮುಖವನ್ನು ಹೇಳದಿದ್ದರೆ ಈ ಮಾತು ಅಪೂರ್ಣ. 1940ರ ಸುಮಾರಿಗೆ ಮೈಸೂರಿನಲ್ಲಿ ಸಾಕ್ಷರತಾ ಚಳವಳಿ ಆರಂಭವಾಯಿತು. ವಿಶ್ವವಿದ್ಯಾನಿಲಯದ ಅಧ್ಯಾಪಕರು, ವಿದ್ಯಾರ್ಥಿಗಳು ಅದರಲ್ಲಿ ದುಡಿದರು. ಕಸ್ತೂರಿಯವರು ಅದರ ಉತ್ಸಾಹಿ ಕಾರ್ಯಕರ್ತರಲ್ಲಿ ಒಬ್ಬರು. ಇದೇ ಚಳವಳಿಯಿಂದ ಬೆಳೆದದ್ದು ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ. ಹೊಸದಾಗಿ ಅಕ್ಷರ ಕಲಿತವರಿಗಾಗಿ 'ಬೆಳಕು' ಎಂಬ ವಾರಪತ್ರಿಕೆ, 'ಪುಸ್ತಕ ಪ್ರಪಂಚ' ಎಂಬ ಮಾಸಪತ್ರಿಕೆ ಈ ಸಮಿತಿಯಿಂದ ಹೊರಬಂದವು. ಹಗಲು ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪಾಠ, ಸಂಜೆ ಅಕ್ಷರ ಬಾರದವರ ಚಿಂತೆ, ಇನ್ನೊಂದೆಡೆ ರೇಡಿಯೋ. ಮೂರೂ ಒಂದೇ ಕೆಲಸದ ಮೂರು ರೂಪಗಳು. ನಿವೃತ್ತಿಯ ನಂತರವೂ ಅವರು ಬೆಂಗಳೂರು ಆಕಾಶವಾಣಿಯಲ್ಲಿ ಕೆಲಸ ಮಾಡಿದರು. ಆಮೇಲೆ ಪುಟ್ಟಪರ್ತಿಯಲ್ಲಿ ನೆಲೆಸಿ, 1958ರಲ್ಲಿ ಆರಂಭವಾದ 'ಸನಾತನ ಸಾರಥಿ' ಮಾಸಪತ್ರಿಕೆಯ ಸಂಪಾದಕರಾಗಿ ಕೊನೆಯವರೆಗೂ ಬರೆಯುತ್ತಲೇ ಇದ್ದು, 1987ರಲ್ಲಿ ತೀರಿಕೊಂಡರು. ಅವರ ಧಾರ್ಮಿಕ ನಂಬಿಕೆ ಅವರದು, ನಮ್ಮದು ನಮ್ಮದು. ಅವರಿಂದ ನಾವು ಕಲಿಯಬೇಕಾದದ್ದು ದಣಿವರಿಯದ ದುಡಿಮೆಯನ್ನು.

ರೇಡಿಯೋ ನಮ್ಮ ಈ ತೆಂಗಿನ ಸೀಮೆಗೆ ಏನು ಮಾಡಿತು ಎಂಬುದು ಹಿರಿಯರಿಗೆ ಗೊತ್ತಿದೆ. ರೇಡಿಯೋ ಇಟ್ಟುಕೊಳ್ಳಬೇಕಾದರೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿ ಹಣ ಕಟ್ಟಬೇಕಾಗಿದ್ದ ಕಾಲ ಒಂದಿತ್ತು. ಬೀದಿಗೆ ಒಂದು ರೇಡಿಯೋ ಇದ್ದರೆ ಬೀದಿಯೆಲ್ಲ ಅದರ ಸುತ್ತ. ಪೇಟೆ ಧಾರಣೆ ಕೇಳಲು ತೋಟದವರು, ಪ್ರದೇಶ ಸಮಾಚಾರ ಕೇಳಲು ಅಂಗಡಿಯವರು, ರಂಜಾನಿನ ಕೊನೆಯಲ್ಲಿ ಚಂದ್ರದರ್ಶನದ ಸುದ್ದಿಗಾಗಿ ನಮ್ಮ ಮನೆಯವರು. ಓದು ಬರಹ ಬಾರದ ನಮ್ಮ ತಾಯಂದಿರಲ್ಲಿ ಎಷ್ಟೋ ಮಂದಿ ಪುಸ್ತಕದ ಕನ್ನಡವನ್ನು ಮೊದಲು ಕೇಳಿದ್ದು ಶಾಲೆಯಲ್ಲಿ ಅಲ್ಲ, ರೇಡಿಯೋದಲ್ಲಿ. 2000ದ ದಶಕದಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ 'ಕೇಳಿ ಕಲಿ', 'ಚಿಣ್ಣರ ಚುಕ್ಕಿ' ಎಂಬ ರೇಡಿಯೋ ಪಾಠಗಳು ಬಂದವು. ಮಕ್ಕಳು ರೇಡಿಯೋ ಜೊತೆ ಹಾಡುತ್ತಾ, ಉತ್ತರ ಹೇಳುತ್ತಾ ಕಲಿತರು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿತು, ಪಾಠ ನಿಜವಾಗಿಯೂ ಆಕಾಶದಿಂದಲೇ ಬಂತು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಇವೆಲ್ಲಕ್ಕೂ ಮುಂಚೆ, ಮೇಷ್ಟ್ರ ಧ್ವನಿ ತರಗತಿಯಾಚೆಗೂ ಹೋಗಬಹುದು ಎಂದು ಈ ನಾಡಿನಲ್ಲಿ ತೋರಿಸಿಕೊಟ್ಟವರು ಮಹಾರಾಜಾ ಕಾಲೇಜಿನ ಆ ಅಧ್ಯಾಪಕರು.

ಈಗ ನಮ್ಮ ಮಕ್ಕಳ ವಿಚಾರಕ್ಕೆ ಬರುತ್ತೇನೆ. ಇಷ್ಟು ಹೊತ್ತು ಹೇಳಿದ್ದೆಲ್ಲ ಇದಕ್ಕಾಗಿಯೇ.

ಉರ್ದು ಮತ್ತು ಕನ್ನಡ ಎರಡನ್ನೂ ಪಾಠ ಮಾಡುವ ನನಗೆ ಪೋಷಕರಿಂದ ಮೂರು ಬಗೆಯ ಮಾತುಗಳು ಕೇಳಿಬರುತ್ತವೆ. ಒಬ್ಬರು ಹೇಳುತ್ತಾರೆ, 'ಕನ್ನಡ ನಮ್ಮ ಮಕ್ಕಳಿಗೆ ಕಷ್ಟ, ಪಾಸಾದರೆ ಸಾಕು.' ಇನ್ನೊಬ್ಬರು ಹೇಳುತ್ತಾರೆ, 'ಕನ್ನಡ ಹೆಚ್ಚು ಓದಿದರೆ ಉರ್ದು ಕೈಬಿಟ್ಟು ಹೋಗುತ್ತದೆ.' ಮೂರನೆಯವರು ಹೇಳುತ್ತಾರೆ, 'ಎರಡೂ ಬೇಡ, ಇಂಗ್ಲಿಷ್ ಒಂದಿದ್ದರೆ ಎಲ್ಲ ಆಯಿತು.' ಮೂವರೂ ಮಕ್ಕಳ ಒಳಿತನ್ನೇ ಬಯಸುವವರು. ಆದರೆ ಈ ಮೂರು ಮಾತುಗಳ ಪರಿಣಾಮ ಏನಾಗುತ್ತಿದೆ? ಉರ್ದು ಪತ್ರಿಕೆ ಓದಲು ಬಾರದ, ಕನ್ನಡದಲ್ಲಿ ಒಂದು ಅರ್ಜಿ ಬರೆಯಲು ಬಾರದ, ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ನಿರ್ಭಯವಾಗಿ ಮಾತಾಡಲು ಬಾರದ ಹುಡುಗರು ತಯಾರಾಗುತ್ತಿದ್ದಾರೆ. ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೇಳಲು, ಆಸ್ಪತ್ರೆಯಲ್ಲಿ ಕಾಯಿಲೆ ವಿವರಿಸಲು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂರಲು ಇನ್ನೊಬ್ಬರನ್ನು ಕರೆದುಕೊಂಡು ಹೋಗುವ ಸ್ಥಿತಿ ನಮ್ಮ ಮಕ್ಕಳಿಗೆ ಬರಬಾರದು.

ಕಸ್ತೂರಿಯವರು ಈ ಮೂರೂ ಮಾತಿಗೆ ಉತ್ತರವಾಗಿದ್ದಾರೆ. ಭಾಷೆ ಹುಟ್ಟಿನಿಂದ ಬರಬೇಕಾಗಿಲ್ಲ, ದುಡಿಮೆಯಿಂದ ಬರುತ್ತದೆ. ನಮ್ಮವರಲ್ಲೇ ಸಾಕ್ಷಿ ಇದೆಯಲ್ಲ! ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರ ಮನೆಮಾತು ಉರ್ದು, ಕಾಲೇಜಿನಲ್ಲಿ ಪಾಠ ಮಾಡಿದ್ದು ಭೂವಿಜ್ಞಾನ, ಬರೆದದ್ದು ಕನ್ನಡ ಕವಿತೆ. ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಬಂದ 'ನಿತ್ಯೋತ್ಸವ' ಧ್ವನಿಸುರುಳಿ ಕನ್ನಡದ ಮನೆಮನೆಗೂ ಹೋಯಿತು. ಅವರು 2006ರಲ್ಲಿ ಶಿವಮೊಗ್ಗದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದರು, 2020ರ ಮೇ 3ರಂದು ತೀರಿಕೊಂಡಾಗ ನಾಡೇ ದುಃಖಿಸಿತು. ಬೆಳಗಾವಿ ಸೀಮೆಯ ಡಾ. ಎಂ. ಅಕಬರ ಅಲಿಯವರು ಸರ್ವಜ್ಞನ ಬಗ್ಗೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಇವರ ಸಾಲಿನಲ್ಲಿ ನಿಮ್ಮ ಹೆಸರೂ ಏಕೆ ಬರಬಾರದು?

ಹಾಗಾದರೆ ಉರ್ದುವನ್ನು ಬಿಡಬೇಕೇ? ಖಂಡಿತ ಇಲ್ಲ. ಒಂದು ಭಾಷೆಯನ್ನು ಚೆನ್ನಾಗಿ ಬಲ್ಲವನಿಗೆ ಇನ್ನೊಂದು ಭಾಷೆ ಸುಲಭ. 'ಹಾತಿಫ್' ಗೊತ್ತಿದ್ದವನಿಗೆ 'ಆಕಾಶವಾಣಿ'ಯ ಸೊಗಸು ಇನ್ನೂ ಹೆಚ್ಚು ತಿಳಿಯುತ್ತದೆ. ಕಾಗದ, ದವಾಖಾನೆ, ಜಮೀನು, ತಹಸೀಲ್ದಾರ್, ವಕೀಲ, ಇವೆಲ್ಲ ಎಲ್ಲಿಂದ ಬಂದ ಪದಗಳು? ಅರಬಿ, ಫಾರಸಿಗಳಿಂದ ಬಂದು ಕನ್ನಡದಲ್ಲಿ ಮನೆ ಮಾಡಿಕೊಂಡವು. ಉರ್ದು ಬಲ್ಲ ಹುಡುಗ ಕನ್ನಡದ ಬಾಗಿಲಿಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ.

ಆದರೆ ತಾಳ್ಮೆ ಬೇಕು. ತಿಪಟೂರಿನ ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಾಯನ್ನು ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಕಾಯುತ್ತೇವೆ. ಒಳಗೆ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವವರೆಗೂ ಒಡೆಯುವುದಿಲ್ಲ. ನಡುವೆ ಒಡೆದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಭಾಷೆಯೂ ಹಾಗೆಯೇ. ಒಂದು ವರ್ಷ ಕಲಿಸಿ 'ಬರಲಿಲ್ಲ' ಎಂದು ಕೈಬಿಟ್ಟರೆ ಯಾವುದೂ ದಕ್ಕುವುದಿಲ್ಲ.

ಆದ್ದರಿಂದ ಸಂಘದ ಹಿರಿಯರಲ್ಲಿ ಮತ್ತು ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿಗಳು ಮೂರು.

ಒಂದು, ಪ್ರತಿದಿನ ಹತ್ತು ನಿಮಿಷ ಕನ್ನಡವನ್ನೂ ಹತ್ತು ನಿಮಿಷ ಉರ್ದುವನ್ನೂ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದ್ದು ಕಣ್ಣಿಗೆ, ಗಟ್ಟಿಯಾಗಿ ಓದಿದ್ದು ನಾಲಿಗೆಗೆ. ರೇಡಿಯೋದಲ್ಲಿ ಮಾತಾಡುವವರೂ ಹೀಗೆಯೇ ಅಭ್ಯಾಸ ಮಾಡುತ್ತಾರೆ. ಮನೆಯಲ್ಲಿ ಓದು ಬಾರದ ಅಜ್ಜಿ ಇದ್ದರೆ ಅವರೇ ನಿಮ್ಮ ಮೊದಲ ಕೇಳುಗರಾಗಲಿ.

ಎರಡು, ನಿಮ್ಮೆಲ್ಲರ ಕೈಯಲ್ಲಿ ಈಗ ಮೊಬೈಲ್ ಇದೆ. ಗೋಪಾಲಸ್ವಾಮಿಯವರು ಕೈಯಿಂದ ಹಣ ಹಾಕಿ ತಂದ ಯಂತ್ರಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಶಕ್ತಿ ನಿಮ್ಮ ಜೇಬಿನಲ್ಲಿದೆ. ಅದರಲ್ಲಿ ನಿಮ್ಮ ಅಜ್ಜಿ ಹೇಳುವ ದಖನಿ ಕಥೆಗಳನ್ನು, ಒಗಟುಗಳನ್ನು, ಮದುವೆಯ ಹಾಡುಗಳನ್ನು ಧ್ವನಿಮುದ್ರಣ ಮಾಡಿ ಇಡಿ. ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆಯಿರಿ. ಎರಡು ಭಾಷೆಯೂ ಒಟ್ಟಿಗೆ ಬೆಳೆಯುತ್ತವೆ. ಅಜ್ಜಿಯ ಧ್ವನಿಯೂ ಉಳಿಯುತ್ತದೆ.

ಮೂರು, ಸಂಘವು ಸಂಜೆಯ ಹೊತ್ತು ತಾಯಂದಿರಿಗಾಗಿ ಕನ್ನಡ ಅಕ್ಷರ ತರಗತಿಯನ್ನು ಆರಂಭಿಸಲಿ. ಪದವಿ ಓದುತ್ತಿರುವ ನಮ್ಮ ಹುಡುಗಿಯರೇ ಪಾಠ ಹೇಳಲಿ. 1940ರ ಮೈಸೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮಾಡಿದ ಕೆಲಸವನ್ನು ಇಂದು ನಾವು ಮಾಡಲಾರೆವೇ? ಮಗುವಿನ ಶಾಲೆಯಿಂದ ಬಂದ ಚೀಟಿಯನ್ನು ತಾಯಿ ತಾನೇ ಓದಿಕೊಂಡರೆ ಆ ಮನೆಯ ದಿಕ್ಕೇ ಬದಲಾಗುತ್ತದೆ.

ಸಾಧಕರಿಗೆ ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸಿಕೊಳ್ಳುವುದು ಒಂದು ಬಗೆಯ ಗೌರವ. ಅದೂ ಇರಲಿ. ಆದರೆ ತೀರಿಹೋದ ಮೇಷ್ಟ್ರಿಗೆ ಶಾಲು ಹೊದಿಸಲಾಗುವುದಿಲ್ಲ, ಅವರು ಮಾಡುತ್ತಿದ್ದ ಕೆಲಸವನ್ನು ಮುಂದುವರಿಸಬಹುದು, ಅಷ್ಟೆ. ನಮ್ಮ ಧರ್ಮದಲ್ಲಿ ಇತರರಿಗೆ ಉಪಯೋಗವಾಗುವ ವಿದ್ಯೆಯನ್ನು, ಕೊಟ್ಟವರು ಹೋದ ಮೇಲೂ ಪುಣ್ಯ ತರುತ್ತಲೇ ಇರುವ ದಾನ ಎಂದು ಭಾವಿಸುತ್ತೇವೆ. ಸದಖ-ಎ-ಜಾರಿಯಾ ಎಂದರೆ ಅದೇ. ನಿಲ್ಲದೆ ಹರಿಯುವ ದಾನ. ಮುಂದಿನ ಸಲ ರೇಡಿಯೋದಲ್ಲಿ 'ಇದು ಆಕಾಶವಾಣಿ' ಎಂಬ ಮಾತು ಕೇಳಿದಾಗ, ಅದರ ಹಿಂದೆ ಹೊರಗಿನಿಂದ ಬಂದು ಕನ್ನಡ ಕಲಿತ ಒಬ್ಬ ಇತಿಹಾಸದ ಮೇಷ್ಟ್ರಿದ್ದಾರೆ ಎಂದು ನಿಮ್ಮ ತಮ್ಮ ತಂಗಿಯರಿಗೆ ಹೇಳಿ. ಆಮೇಲೆ ನಿಮ್ಮ ಕನ್ನಡ ಪುಸ್ತಕವನ್ನು ತೆಗೆದು ಒಂದು ಪುಟ ಗಟ್ಟಿಯಾಗಿ ಓದಿ.



ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.